ಅತ್ತೆಯ ಜೊತೆ ಮೂರು ಸೋಸಲ್

ಸಿಂಧನೂರಿಗೆ ಕಾಲುವೆ ನೀರು ಬಂದ ಮೇಲೆ ಊರಲ್ಲಿ ಮೊದಲು ಹೆಚ್ಚಿದ್ದು ಭತ್ತ, ಆಮೇಲೆ ಸೊಳ್ಳೆ, ಅದರ ಬೆನ್ನಿಗೇ ಹೊಸ ಹೊಸ ನಮೂನೆಯ ರವಿಕೆ. ಆಂಧ್ರದ ಕಡೆಯಿಂದ ಬಂದು ಹೊಲ ಕೊಂಡು ಕ್ಯಾಂಪು ಕಟ್ಟಿಕೊಂಡವರ ಮನೆ ಹೆಂಗಸರು ಬುಗ್ಗೆ ಕೈ ರವಿಕೆ ತೊಡುತ್ತಿದ್ದರು. ಅದನ್ನು ನೋಡಿ ನಮ್ಮ ಓಣಿಯ ಹೆಣ್ಣುಮಕ್ಕಳಿಗೂ ಆಸೆಯಾಯಿತು. ತವರಿನವರು ಕೊಟ್ಟಿದ್ದ ಕೈಮಷೀನು ನನ್ನ ಹತ್ತಿರ ಇತ್ತು. ಹೀಗಾಗಿ ಕ್ಯಾಂಪಿನವರ ಮೈ ಅಳತೆಯೂ ಊರವರ ಮೈ ಅಳತೆಯೂ ನನಗೆ ಬಾಯಿಪಾಠವಾದವು. ಅವರಿಗೆ ಇವರ ಮಾತು ತಿಳಿಯುತ್ತಿರಲಿಲ್ಲ, ಇವರಿಗೆ ಅವರದು ತಿಳಿಯುತ್ತಿರಲಿಲ್ಲ. ಆದರೆ ಇಬ್ಬರೂ ನನ್ನ ಮುಂದೆ ಕೈ ಮೇಲೆತ್ತಿ ನಿಲ್ಲುತ್ತಿದ್ದರು.

ನನ್ನ ಗಂಡ ಕಾಲುವೆ ಕಚೇರಿಯಲ್ಲಿ ಗುಮಾಸ್ತ. ಒಳ್ಳೆಯ ಮನುಷ್ಯ, ಆದರೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಸಾರಿನಲ್ಲಿ ಒಂದು ಕಲ್ಲು ಸಿಕ್ಕರೆ ತಾಟು ದೂಡಿ ಎದ್ದು ಹೋಗುತ್ತಿದ್ದರು. ಅರ್ಧ ತಾಸಿಗೆ ತಾವೇ ವಾಪಸು ಬಂದು ಅದೇ ತಾಟಿನಲ್ಲಿ ಉಣ್ಣುತ್ತಿದ್ದರು. ಮನೆಯಲ್ಲಿ ನಾವು ಐದು ಮಂದಿ: ನಾವಿಬ್ಬರು, ಮಗ, ಅವನ ಬೆನ್ನಿಗೆ ಹುಟ್ಟಿದ ಮಗಳು, ಮತ್ತು ನನ್ನ ಅತ್ತೆ. ಅತ್ತೆ ಗಿಡ್ಡನೆಯ ಗಟ್ಟಿ ಹೆಂಗಸು. ಓದಿದವರಲ್ಲ, ಆದರೆ ಯಾರ ಮುಂದೆಯೂ ದನಿ ತಗ್ಗಿಸಿದವರೂ ಅಲ್ಲ.

ಮಗ ಅಂಬೆಗಾಲಿಡಲು ಶುರು ಮಾಡಿದಾಗಲೇ ಅವನ ಮೈ ಮೇಲೆ ಅಲ್ಲಲ್ಲಿ ನೀಲಿ ಗುರುತು ಮೂಡುತ್ತಿದ್ದವು. ಹೊಸ್ತಿಲಿಗೆ ಮೊಣಕಾಲು ತಾಗಿದರೆ ಬುಂದೆ ಲಾಡಿನಷ್ಟು ಊತ. ಅತ್ತೆ ದೃಷ್ಟಿ ತೆಗೆದರು. ನಾನು ಹಳೇ ಕೌದಿ ಬಿಚ್ಚಿ, ಅದರ ಹತ್ತಿಯನ್ನು ಅವನ ಚಡ್ಡಿಯ ಹಿಂದೆ, ಪಾಯಿಜಾಮದ ಮೊಣಕಾಲಿನ ಹತ್ತಿರ ಇಟ್ಟು ಹೊಲಿದೆ. ನಾನು ಏನನ್ನು ಕಂಡು ಹೆದರಿದ್ದೆ ಎಂಬುದು ನನಗೆ ಗೊತ್ತಿತ್ತು. ಬಾಯಿ ಬಿಟ್ಟು ಹೇಳಲಿಲ್ಲ.

ಏಳನೇ ವರ್ಷಕ್ಕೆ ಅವನ ಹಾಲುಹಲ್ಲು ಬಿತ್ತು. ಉಳಿದ ಮಕ್ಕಳು ಹಲ್ಲನ್ನು ಮಾಳಿಗೆ ಮೇಲೆ ಎಸೆದು ಕುಣಿಯುತ್ತಾರೆ. ನನ್ನ ಮಗ ಎರಡು ದಿನ ಬಾಯಲ್ಲಿ ಬಟ್ಟೆ ಕಚ್ಚಿಕೊಂಡು ಕೂತ. ನೆತ್ತರು ನಿಲ್ಲಲೇ ಇಲ್ಲ. ಆಗಷ್ಟೇ ನಮ್ಮ ಸರ್ಕಾರಿ ದವಾಖಾನೆಗೆ ಒಬ್ಬ ಡಾಕ್ಟರಮ್ಮ ಬಂದಿದ್ದರು, ಧಾರವಾಡದ ಕಡೆಯವರು. ಅವರು ತಡಮಾಡದೆ ಬಳ್ಳಾರಿಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಅವನಿಗೆ ಬೇರೆಯವರ ರಕ್ತ ಏರಿಸಿದರು, ಪರೀಕ್ಷೆ ಮಾಡಿದರು, ಹನ್ನೊಂದು ದಿನ ಇಟ್ಟುಕೊಂಡು ಒಂದು ಹೆಸರು ಬರೆದು ಕಳಿಸಿದರು: ಹಿಮೋಫಿಲಿಯಾ.

ಆ ಕಾಗದ ಓದಿ ಡಾಕ್ಟರಮ್ಮ ನನ್ನನ್ನು ಕೂಡಿಸಿಕೊಂಡು ಕೇಳಿದರು, "ಈ ಜಡ್ಡು ಸಾಮಾನ್ಯವಾಗಿ ತಾಯಿ ಕಡೆಯಿಂದ ಬರ್ತದ. ನಿಮ್ಮ ತವರಿನೊಳಗ ಅಣ್ಣ ತಮ್ಮಂದಿರಿಗೆ, ಸೋದರಮಾವಂದಿರಿಗೆ ಯಾರಿಗಾದರೂ ಹಿಂಗ ಆಗಿತ್ತೇನು?"

ನನ್ನ ಪಕ್ಕದಲ್ಲಿ ಅತ್ತೆ ಕೂತಿದ್ದರು.

"ಇಲ್ರಿ," ಅಂದೆ.

ಅದು ಸುಳ್ಳು. ಮಸ್ಕಿಯ ಹತ್ತಿರದ ನನ್ನ ತವರೂರಿನಲ್ಲಿ ನನಗೆ ಒಬ್ಬ ಅಣ್ಣ ಇದ್ದ. ಶೇಂಗಾ ಕೀಳುವ ಕಾಲದಲ್ಲಿ ಸಲಿಕೆ ಅವನ ಪಾದಕ್ಕೆ ತಾಗಿತು. ಗಾಯ ದೊಡ್ಡದಲ್ಲ. ಅರಿಶಿನ ಹಾಕಿದರು, ಸುಣ್ಣ ಹಾಕಿದರು, ಸುಟ್ಟ ಬಟ್ಟೆಯ ಬೂದಿ ಹಾಕಿದರು. ನಾಲ್ಕನೇ ದಿನ ಹೋದ. ಅವನಿಗೆ ಒಂಬತ್ತು, ನನಗೆ ಆರು. ಅವನಿಗೂ ಮುಂಚೆ, ನಾನು ಹುಟ್ಟುವ ಮೊದಲು, ಇನ್ನೊಂದು ಗಂಡು ಕೂಸು ಕಿವಿ ಚುಚ್ಚಿಸಿದಾಗ ಹೋಗಿತ್ತು ಎಂದು ಅವ್ವ ಒಮ್ಮೆ ಮಾತ್ರ ಹೇಳಿದ್ದಳು. ಆಮೇಲೆ ಮನೆಯಲ್ಲಿ ಆ ಇಬ್ಬರ ಮಾತು ಯಾರೂ ಎತ್ತಲಿಲ್ಲ. ನನ್ನ ಮದುವೆ ಮಾತುಕತೆಯಲ್ಲೂ ಎತ್ತಲಿಲ್ಲ.

ಮಗನಿಗೆ ಕೀಲು ಊದಿಕೊಂಡರೆ ಮಂಜುಗಡ್ಡೆ ಇಡಬೇಕು, ಅಲುಗಾಡಿಸಬಾರದು, ಹೆಚ್ಚಾದರೆ ರಕ್ತ ಕೊಡಿಸಬೇಕು ಎಂದು ಬಳ್ಳಾರಿಯವರು ಹೇಳಿ ಕಳಿಸಿದ್ದರು. ಸಿಂಧನೂರಿನಲ್ಲಿ ಮಂಜುಗಡ್ಡೆ ಎಲ್ಲಿಂದ ತರುವುದು? ಹೊರ ಊರಿನಿಂದ ಲಾರಿಯ ಮೇಲೆ, ಗೋಣಿಯಲ್ಲಿ ಭತ್ತದ ಹೊಟ್ಟು ತುಂಬಿ ನಡುವೆ ಗಡ್ಡೆ ಇಟ್ಟು ತರುತ್ತಿದ್ದರು. ಅದು ಮದುವೆ ಮನೆಗೆ, ಸೋಡಾ ಅಂಗಡಿಗೆ. ನಮ್ಮ ಕೈಗೆ ಸಿಗುವಷ್ಟರಲ್ಲಿ ಅರ್ಧ ನೀರು. ಸಿಗದ ದಿನ ಗಡಿಗೆ ನೀರಿನಲ್ಲಿ ಬಟ್ಟೆ ಅದ್ದಿ ಸುತ್ತುತ್ತಿದ್ದೆ.

ಒಂದು ದಿನ ಅಕ್ಕಿ ಮಿಲ್ಲಿನ ಮಾಲೀಕರ ಹೆಂಡತಿ ಅಳತೆ ಕೊಡಲು ಬಂದಿದ್ದರು. ನಾವೆಲ್ಲ ಅವರನ್ನು ಮಿಲ್ಲಿನಮ್ಮ ಎನ್ನುತ್ತಿದ್ದೆವು. ಎತ್ತರದ ಹೆಂಗಸು, ತೆಲುಗಿನ ನಡುವೆ ಕನ್ನಡ ತುರುಕಿ ಮಾತಾಡುತ್ತಿದ್ದರು. ಮಗ ಮೂಲೆಯಲ್ಲಿ ಕಾಲಿಗೆ ಹಸಿ ಬಟ್ಟೆ ಸುತ್ತಿಕೊಂಡು ಮಲಗಿದ್ದ.

"ಏಮಾಯ್ತು ಬಾಬುಗೆ?"

ಹೇಳಿದೆ. ಅವರು ಅಳತೆ ಪಟ್ಟಿ ಕೊರಳಲ್ಲಿದ್ದಂತೆಯೇ ಕೂತು ಪೂರ್ತಿ ಕೇಳಿದರು. ಆಮೇಲೆ, "ನಮ್ಮ ಊರಾಗೆ ಸ್ಕೂಲ್ ಕಟ್ಟಬೇಕಾದ್ರೆ ಆಡವಾಳ್ಳು, ಹೆಂಗಸರೇ, ಸೋಶಿಯಲ್ ಮಾಡ್ತಿದ್ವಿ. ಸಾಯಂತ್ರ ಎಲ್ಲ ಸೇರಿ ಊಟ, ಪಾಟ, ಆಟ. ಟಿಕೆಟ್ ಇಟ್ಟು. ಇಲ್ಲಿ ಯಾಕೆ ಮಾಡಬಾರದು? ನಮ್ಮ ಮಿಲ್ಲು ಉಂದಿ ಕದಾ, ಜಾಗ ಇದೆಯಲ್ಲ," ಅಂದರು.

ಮರುದಿನವೇ ಡಾಕ್ಟರಮ್ಮನ ಹತ್ತಿರ ಹೋದರು. ಡಾಕ್ಟರಮ್ಮನಿಗೂ ದವಾಖಾನೆಗೆ ಒಂದು ಫ್ರಿಜ್ಜು ಬೇಕಿತ್ತು. ಇಂಥ ಜಡ್ಡಿನ ಮಕ್ಕಳಿಗೆ ಮಂಜುಗಡ್ಡೆ, ದೊಡ್ಡ ದವಾಖಾನೆಗೆ ಹೋಗಿಬರುವ ಖರ್ಚು, ಇದಕ್ಕೆಂದೇ ಹೆಂಗಸರು ಸಂಜೆ ಸೋಶಿಯಲ್ ಮಾಡುವುದು ಎಂದು ಇಬ್ಬರೂ ಕೂಡಿ ಗೊತ್ತು ಮಾಡಿದರು. ನಮ್ಮ ಓಣಿಗೆ ಆ ಮಾತು ಬರುವಷ್ಟರಲ್ಲಿ 'ಸೋಸಲ್' ಆಗಿತ್ತು.

ಅತ್ತೆ ಕೇಳಿದರು, "ಸೋಸಲ್ ಅಂದ್ರ ಏನ ಸೋಸತಾರವ್ವಾ? ಚಹಾನೋ, ಮಜ್ಜಗಿನೋ?"

"ಸೋಸೂದಲ್ರಿ ಅತ್ತಿ. ಎಲ್ಲಾರೂ ಕೂಡಿ ಉಂಡು, ಹಾಡು ಹೇಳಿ, ಮಕ್ಕಳ ಔಷಧಕ್ಕ ರೊಕ್ಕ ಕೂಡಸೂದು."

"ಉಂಡು ರೊಕ್ಕ ಕೂಡಸೂದು? ಉಂಡ್ರ ರೊಕ್ಕ ಕಳೀತೈತಿ, ಕೂಡತೈತೇನು?" ಅಂದರು. ಆದರೂ ಮರುದಿನ ಬೆಳಿಗ್ಗೆ ಎದ್ದವರೇ ಸಂತೆಗೆ ಹೋಗಿ ಒಂದು ಬುಟ್ಟಿ ಎಳೇ ಬದನೆಕಾಯಿ ಆರಿಸಿ ತಂದರು.

ಮೊದಲ ಸೋಸಲ್ ಮಿಲ್ಲಿನ ಕಣದಲ್ಲಿ ಆಯಿತು. ಭತ್ತ ಒಣಗಿಸುವ ಗಚ್ಚಿನ ಅಂಗಳ, ಬಿಸಿಲು ಇಳಿದ ಮೇಲೂ ಅಂಗಾಲಿಗೆ ಬೆಚ್ಚಗೆ. ಗೋಣಿ ಹಾಸಿ, ಮೇಲೆ ಜಮಖಾನೆ ಹಾಸಿದ್ದರು. ಕ್ಯಾಂಪಿನ ಹೆಂಗಸರು ಪುಳಿಹೋರ, ಗೋಂಗೂರ, ಗಾರಿಗೆ ತಂದರು. ನಮ್ಮವರು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಮಾದಲಿ ತಂದರು. ಅತ್ತೆ ಒಂದು ದೊಡ್ಡ ಬೋಗುಣಿ ತುಂಬ ಎಣ್ಣೆಗಾಯಿ. ಕೂತಾಗ ಮಾತ್ರ ಅಂಗಳದ ನಡುವೆ ಯಾರೋ ಗೆರೆ ಎಳೆದಂತೆ ಆ ಕಡೆ ಅವರು, ಈ ಕಡೆ ಇವರು.

ಶುರುವಾಗುವ ಮುಂಚೆ ಒಂದು ತಕರಾರು ಆಯಿತು. ಮಿಲ್ಲಿನಮ್ಮನಿಗೆ ನನ್ನ ಮಗನನ್ನು ಮುಂದೆ ಕುರ್ಚಿಯಲ್ಲಿ ಕೂಡಿಸಬೇಕೆಂಬ ಮನಸ್ಸು. ಜನ ನೋಡಿದರೆ ಕರುಳು ಚುರ್ ಅನ್ನುತ್ತದೆ, ಕೈ ಬಿಚ್ಚುತ್ತಾರೆ ಎಂದು. ಮಗನಿಗೆ ಆಗ ಎಂಟು ವರ್ಷ. "ನಾ ಏನು ಸಂತಿಯೊಳಗಿನ ಹೋರಿ ಏನು, ಎಲ್ಲಾರೂ ಹಲ್ಲು ಎಣಸಾಕ? ನಾ ಒಲ್ಲೆ," ಅಂದ. ನನಗೆ ನಗು ಬಂತು, ಅಳುವೂ ಬಂತು. ಡಾಕ್ಟರಮ್ಮ ಅವನ ಪರ ನಿಂತರು. "ಅವ ಎಲ್ಲರ ಜೊತಿ ಕೂತು ಉಣ್ಣಲಿ. ಬೇಕಂದ್ರ ಅವನ ತಾಯಿ ಎರಡು ಮಾತು ಹೇಳಲಿ."

ನಾನು ಒಲ್ಲೆನೆಂದು ತಲೆ ಅಲ್ಲಾಡಿಸಿದೆ. ಎದ್ದು ನಿಂತರೆ ಯಾರಾದರೂ, ಇದು ಎಲ್ಲಿಂದ ಬಂತು ಎಂದು ಕೇಳಿಯಾರು. ಕಡೆಗೆ ಮಿಲ್ಲಿನಮ್ಮನೇ ಮಾತಾಡಿದರು. ಅವರ ಕನ್ನಡ ಅರ್ಧ ತಿಳಿಯಲಿಲ್ಲ, ಆದರೆ ಮಂದಿಗೆ ವಿಷಯ ತಿಳಿಯಿತು.

ಊಟದ ಹೊತ್ತಿಗೆ ಆ ಕಡೆಯಿಂದ ಒಬ್ಬ ಮುದುಕಿ ಎದ್ದು ಈ ಕಡೆ ಬಂದಳು. ಅತ್ತೆಯ ಬೋಗುಣಿಯಲ್ಲಿದ್ದ ಬದನೆಕಾಯಿ ನೋಡಿ, "ವಂಕಾಯ?" ಅಂದಳು. ಅತ್ತೆ ಒಂದು ಎಣ್ಣೆಗಾಯಿ ಹಾಕಿದರು. ಮುದುಕಿ ಅಲ್ಲೇ ಕೂತು ತಿಂದಳು. ಇನ್ನೊಂದು ಕೇಳಿದಳು. ಮೂರನೆಯದಕ್ಕೆ ಅತ್ತೆ, "ರೊಟ್ಟಿ ಹಚ್ಚಿಕೊಂಡು ತಿನ್ನಬೇಕವ್ವಾ, ಬರೇ ತಿಂದ್ರ ಖಾರ ಹತ್ತತೈತಿ," ಎಂದು ಕೈಗೆ ರೊಟ್ಟಿ ಕೊಟ್ಟರು. ಅವಳು ತೆಲುಗಿನಲ್ಲಿ ಏನೋ ಹೇಳಿದಳು, ಅತ್ತೆ ಕನ್ನಡದಲ್ಲಿ ಏನೋ ಹೇಳಿದರು. ಒಂದು ತಾಸು ಇಬ್ಬರೂ ಹಾಗೇ ಮಾತಾಡಿದರು. ಮನೆಗೆ ಬಂದ ಮೇಲೆ ಅತ್ತೆ ಆ ಮುದುಕಿಯ ನಾಲ್ಕು ಸೊಸೆಯರ ಕಥೆಯನ್ನು ನನಗೆ ಪೂರ್ತಿ ಹೇಳಿದರು. ಎಷ್ಟು ನಿಜವೋ ಗೊತ್ತಿಲ್ಲ.

ಆಮೇಲೆ ಕೋಲಾಟ. ಅವರಿಗೂ ಬರುತ್ತಿತ್ತು, ನಮಗೂ ಬರುತ್ತಿತ್ತು. ಆದರೆ ಅವರು ಬಲಕ್ಕೆ ತಿರುಗುವಾಗ ನಾವು ಎಡಕ್ಕೆ. ಕೋಲಿಗೆ ಕೋಲು ತಾಗದೆ ಬೆರಳಿಗೆ ತಾಗಿ, ಹೆಂಗಸರು ಬಿದ್ದು ಬಿದ್ದು ನಕ್ಕರು. ಎಷ್ಟೋ ವರ್ಷದ ಮೇಲೆ ನಾನು ಅಷ್ಟು ನಕ್ಕಿದ್ದೆ.

ಕೂಡಿದ ರೊಕ್ಕದಿಂದ ದವಾಖಾನೆಗೆ ಫ್ರಿಜ್ಜು ಬಂತು. ಕರೆಂಟು ನಂಬುವ ಹಾಗಿಲ್ಲವೆಂದು ಸೀಮೆಎಣ್ಣೆಯಿಂದ ನಡೆಯುವಂಥದ್ದು. ಅದನ್ನು ನೋಡಲು ಜವಳಗೇರಾದಿಂದಲೂ ಜನ ಬಂದರು. ಅತ್ತೆ ಅದರ ಬುಡದಲ್ಲಿ ಬಗ್ಗಿ ನೋಡಿ, "ಕೆಳಗ ದೀಪ ಹಚ್ಚಿದ್ರ ಮ್ಯಾಲ ಥಂಡಿ ಆಗತೈತಂತ! ಇದು ನಮ್ಮ ಮನಿ ಗಂಡಸರಂಗ ಐತಿ, ಬೆಂಕಿ ಹಚ್ಚಿದ ಮ್ಯಾಲೇ ತಣ್ಣಗಾಗೂದು," ಅಂದರು. ನನ್ನ ಗಂಡ ಅಲ್ಲೇ ನಿಂತಿದ್ದರು. ಅವತ್ತು ಸಿಟ್ಟು ಮಾಡಲಿಲ್ಲ. ಮಂಜುಗಡ್ಡೆ ಕೈಗೆ ಸಿಗತೊಡಗಿದ ಮೇಲೆ ಮಗನ ಊತ ಮೂರು ನಾಲ್ಕು ದಿನಕ್ಕೆ ಇಳಿಯುತ್ತಿತ್ತು. ಮೊದಲು ಹದಿನೈದು ದಿನ ಹಿಡಿಯುತ್ತಿತ್ತು.

ಎರಡನೇ ಸೋಸಲ್ ಮರುವರ್ಷ ಲಿಂಗಸುಗೂರಿನಲ್ಲಿ. ಅಲ್ಲಿ ಸಾಹೇಬರುಗಳ ಬಂಗಲೆಗಳಿದ್ದವು, ಒಂದು ಕ್ಲಬ್ಬೂ ಇತ್ತು. ಅದು ಬೇರೆಯೇ ನಮೂನೆಯ ಸಂಜೆ. ನೆಲದ ಮೇಲೆ ಕೂಡುವ ಹಾಗಿಲ್ಲ, ಕುರ್ಚಿ. ಕಪ್ಪಿನಲ್ಲಿ ಚಹಾ, ಬಸಿಯಲ್ಲಿ ಎರಡೇ ಬಿಸ್ಕೀಟು. ಗಂಡಸರೂ ಬಂದಿದ್ದರು. ನಾವು ಸಿಂಧನೂರಿನವರು ಮಿಲ್ಲಿನ ಲಾರಿಯಲ್ಲಿ ಹೋದೆವು. ಧೂಳು ಝಾಡಿಸಿಕೊಂಡು, ಸೆರಗು ಹೊದ್ದು, ಹಿಂದಿನ ಸಾಲಿನಲ್ಲಿ ಕೂತೆವು.

ತಂಬೋಲಾ ಎಂಬ ಆಟ ಆಡಿಸಿದರು. ಒಬ್ಬರು ಅಂಕಿ ಕೂಗುತ್ತಾರೆ, ನಮ್ಮ ಚೀಟಿಯಲ್ಲಿ ಆ ಅಂಕಿ ಇದ್ದರೆ ಹೊಡೆದು ಹಾಕಬೇಕು. ಅತ್ತೆಯ ಚೀಟಿ ನಾನು ನೋಡುತ್ತಿದ್ದೆ. ಒಂದು ಸಾಲು ತುಂಬಿತು. "ಎದ್ದು ಕೂಗ್ರಿ ಅತ್ತಿ," ಅಂದೆ. ಅತ್ತೆ ಎದ್ದು, "ಆತು!" ಎಂದು ಹೊಲದ ಆ ಬದುವಿಗೆ ಕೇಳುವಂತೆ ಕೂಗಿದರು. ಮುಂದಿನ ಸಾಲಿನ ಸಾಹೇಬರ ಚಹಾ ತುಳುಕಿತು. ಬಹುಮಾನ ಒಂದು ಥರ್ಮಾಸು.

ಅಲ್ಲಿಯ ಪದ್ಧತಿ ಏನೆಂದರೆ ಗೆದ್ದವರು ಬಹುಮಾನವನ್ನು ನಿಧಿಗೇ ವಾಪಸು ಕೊಡುವುದು. ಅದಕ್ಕಿಂತ ಮುಂಚೆ ಗೆದ್ದ ಇಬ್ಬರೂ ನಕ್ಕು ಕೊಟ್ಟಿದ್ದರು, ಜನ ಚಪ್ಪಾಳೆ ಹೊಡೆದಿದ್ದರು. ಥರ್ಮಾಸು ಹಿಡಿದು ಅತ್ತೆ ನಿಂತಾಗ ಆಟ ಆಡಿಸುತ್ತಿದ್ದ ಹೆಂಗಸು, "ಇದನ್ನ ಮಕ್ಕಳ ನಿಧಿಗೆ ಕೊಡ್ತೀರೇನು ಅಜ್ಜಿ?" ಎಂದು ಕೇಳಿದರು.

"ಇಲ್ರಿ," ಅಂದರು ಅತ್ತೆ. "ದಾನ ಕೊಡೂದು ಬಾಗಲದಾಗ ಕೊಟ್ಟ ಬಂದೀನಿ. ಇದು ಆಡಿ ಗೆದ್ದದ್ದು. ಎರಡೂ ಬ್ಯಾರೆ ಬ್ಯಾರೆ." ಸೀದಾ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ನನಗೆ ನಾಚಿಕೆಯಾಯಿತು. ಸಭೆಗೆ ಮಾತ್ರ ಅದು ಬಹಳ ಸೇರಿತು. ಉಳಿದೆಲ್ಲರಿಗಿಂತ ಜೋರು ಚಪ್ಪಾಳೆ ಬಿದ್ದದ್ದು ಅತ್ತೆಗೇ.

ಕೊನೆಗೆ ಡಾಕ್ಟರಮ್ಮ ಎದ್ದರು. ರೊಕ್ಕದಷ್ಟೇ ರಕ್ತವೂ ಬೇಕು, ರಾಯಚೂರಿನ ದವಾಖಾನೆಗೆ ಹೋಗಿ ಕೊಡಲು ಮನಸ್ಸಿದ್ದವರು ಹೆಸರು ಬರೆಸಿ ಎಂದು ಕೇಳಿದರು. ಆ ಕಾಲದಲ್ಲಿ ರಕ್ತ ಕೊಟ್ಟರೆ ಮನುಷ್ಯ ಒಣಗಿ ಹೋಗುತ್ತಾನೆ, ಮಕ್ಕಳಾಗುವುದಿಲ್ಲ ಎಂಬ ನಂಬಿಕೆ ಇತ್ತು. ಎಲ್ಲರೂ ಬಸಿಯಲ್ಲಿದ್ದ ಬಿಸ್ಕೀಟು ನೋಡುತ್ತಾ ಕೂತರು.

ಅತ್ತೆ ಎದ್ದರು. "ನನ್ನ ಹೆಸರ ಬರಕೋರಿ."

ಡಾಕ್ಟರಮ್ಮ ನಕ್ಕು, "ನಿಮಗ ವಯಸ್ಸಾಗೇದ ತಾಯಿ, ನಿಮ್ಮದು ತಗೊಳ್ಳೂ ಹಂಗಿಲ್ಲ," ಅಂದರು.

"ವಯಸ್ಸ ನನಗ ಆಗೇತಿ, ನೆತ್ತರಿಗೆ ಆಗಿಲ್ಲ. ನನ್ನ ಮೊಮ್ಮಗಗ ಹೋಗೂದೈತಿ. ತಗೋರಿ."

"ಆಗೂದಿಲ್ಲ ತಾಯಿ, ಕಾಯ್ದೆ ಐತಿ."

ಅತ್ತೆ ಸುತ್ತ ತಿರುಗಿ ಗಂಡಸರ ಸಾಲು ನೋಡಿದರು. ಈ ತುದಿಯಿಂದ ಆ ತುದಿಯವರೆಗೆ ಒಬ್ಬೊಬ್ಬರನ್ನೇ ನೋಡಿದರು. ನನ್ನ ಗಂಡ ಮೊದಲು ಎದ್ದು ಹೆಸರು ಬರೆಸಿದರು. ಅವರ ಹಿಂದೆ ಬಸ್ಸಿನ ಕಂಡಕ್ಟರ್ ಒಬ್ಬ, ಒಬ್ಬ ಮಾಸ್ತರು, ಆಮೇಲೆ ಚಹಾ ತುಳುಕಿಸಿಕೊಂಡಿದ್ದ ಆ ಸಾಹೇಬರು.

ಎಲ್ಲರೂ ಖುಷಿಯಿಂದ ಲಾರಿ ಹತ್ತಿದರು. ನಾನು ಮೂಲೆಯಲ್ಲಿ ಕೂತೆ. ಈ ಮುದುಕಿ ತನ್ನ ನೆತ್ತರು ಕೊಡಲು ಎದ್ದು ನಿಂತಳು, ಕುಂದು ಇದ್ದದ್ದು ನನ್ನ ನೆತ್ತರಲ್ಲಿ, ಅದನ್ನು ನಾನು ಮುಚ್ಚಿಟ್ಟು ಕೂತಿದ್ದೇನೆ ಎಂಬುದು ಎದೆಯಲ್ಲಿ ಮುಳ್ಳಿನಂತೆ ಆಡಿತು. ಅತ್ತೆ ತೊಡೆಯ ಮೇಲೆ ಥರ್ಮಾಸು ಇಟ್ಟುಕೊಂಡು, ದಾರಿಯುದ್ದಕ್ಕೂ ಅದರ ಮುಚ್ಚಳ ತಿರುವಿ ತೆಗೆಯುವುದು, ಹಾಕುವುದು ಮಾಡುತ್ತಿದ್ದರು.

ಮೂರನೆಯದು ಮಸ್ಕಿಯಲ್ಲಿ, ಶಾಲೆಯ ಬಯಲಿನಲ್ಲಿ. ನನ್ನ ತವರೂರು ಅಲ್ಲಿಗೆ ಹತ್ತಿರ. ಅವ್ವ ಬಾರದೆ ಇರುವವಳಲ್ಲ. ಮೊಮ್ಮಕ್ಕಳನ್ನು ನೋಡದೆ ಅವಳಿಗೆ ಬಹಳ ದಿನವಾಗಿತ್ತು. ಅವಳು ಹೊಸ ಇಲಕಲ್ ಸೀರೆ ಉಟ್ಟು, ಗಂಟಿನಲ್ಲಿ ಮಕ್ಕಳಿಗೆ ಅಳ್ಳಿಟ್ಟು ಕಟ್ಟಿಕೊಂಡು ಮಧ್ಯಾಹ್ನವೇ ಬಂದು ಕೂತಿದ್ದಳು. ಅತ್ತೆಯನ್ನು ನೋಡಿ, "ಬರ್ರಿ ಬೀಗತೀ, ಆರಾಮ ಅದೀರಿ?" ಎಂದು ಜಾಗ ಮಾಡಿಕೊಟ್ಟಳು. ಇಬ್ಬರೂ ಮೊದಲ ಸಾಲಿನಲ್ಲಿ ಒತ್ತಿ ಕೂತರು. ನಾನು ಅವರ ಹಿಂದೆ, ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು. ಮಗ ಮೈಕಿನವನ ಪೆಟ್ಟಿಗೆಯ ಹತ್ತಿರ ಸೇರಿಕೊಂಡಿದ್ದ.

ಆ ಸಂಜೆ ಹಾಡು, ಊಟ ಶುರುವಾಗುವ ಮುಂಚೆ ಡಾಕ್ಟರಮ್ಮ ಜಡ್ಡಿನ ವಿಷಯ ಬಿಡಿಸಿ ಹೇಳಿದರು. ಬಳೆಗಾರ್ತಿಯ ಹತ್ತಿರ ಗಾಜಿನ ಬಳೆ ಇಸಿದುಕೊಂಡು ಬಂದಿದ್ದರು, ಒಂದು ದಾರವನ್ನೂ ಗುಂಡಗೆ ಕಟ್ಟಿಕೊಂಡಿದ್ದರು.

"ಹೆಣ್ಣಿನ ಹತ್ತಿರ ಎರಡು ಬಳಿ ಇರ್ತಾವ. ಗಂಡಿನ ಹತ್ತಿರ ಒಂದು ಬಳಿ, ಒಂದು ದಾರ. ಕೂಸು ಹುಟ್ಟಬೇಕಾದ್ರ ಅವ್ವ ಒಂದು ಬಳಿ ಕೊಡ್ತಾಳ. ಅಪ್ಪನೂ ಬಳಿ ಕೊಟ್ಟರ ಹೆಣ್ಣು, ದಾರ ಕೊಟ್ಟರ ಗಂಡು. ಈಗ ಅವ್ವನ ಎರಡು ಬಳಿಯೊಳಗ ಒಂದು ಸೀಳು ಬಿಟ್ಟೈತಿ ಅಂತ ತಿಳಕೊಳ್ರಿ. ಇನ್ನೊಂದು ಗಟ್ಟಿ ಇರೂದರಿಂದ ಆಕಿಗೆ ಏನೂ ಆಗೂದಿಲ್ಲ. ಹೆಣ್ಣಮಗಳಿಗೆ ಅದು ಹೋದ್ರೂ ಅಪ್ಪನ ಬಳಿ ಗಟ್ಟಿ ಇರ್ತದ. ಗಂಡಮಗನಿಗೆ ಹೋದ್ರ? ಅವನ ಹತ್ತಿರ ಇನ್ನೊಂದು ಬಳಿ ಎಲ್ಲೈತಿ? ದಾರ. ಯಾವ ಬಳಿ ಕೊಡಬೇಕು ಅಂತ ತಾಯಿ ಆರಿಸೂದಿಲ್ಲ. ಕಣ್ಣು ಮುಚ್ಚಿ ಬುಟ್ಟಿಗೆ ಕೈ ಹಾಕಿದಂಗ. ಅದು ಯಾರ ತಪ್ಪೂ ಅಲ್ಲ."

ಹಿಂದಿನಿಂದ ಒಬ್ಬಳು ಎದ್ದು ಕೇಳಿದಳು, "ಡಾಕ್ಟರಮ್ಮಾ, ಹಂಗಾರ ಹೆಣ್ಣ ಹುಟ್ಟೂದು ಗಂಡ ಹುಟ್ಟೂದು ಗಂಡಸಿನ ಕೈಯಾಗ ಐತೇನ್ರಿ?"

"ಹೌದು, ಅಪ್ಪ ಏನು ಕೊಡ್ತಾನ ಅದರ ಮ್ಯಾಲ."

ಬಯಲಿನಲ್ಲಿ ಗುಲ್ಲೆದ್ದಿತು. "ನೋಡವ್ವಾ, ಮೂರ ಹೆಣ್ಣ ಹಡದೀ ಅಂತ ನನ್ನ ಬೈತಿದ್ರು!" "ಇರಲಿ, ಮನಿಗೆ ಹೋಗಿ ಕೇಳತೀನಿ!" ಹೆಂಗಸರಿಗೆ ಜಡ್ಡಿಗಿಂತ ಆ ಮಾತೇ ಹೆಚ್ಚು ರುಚಿಸಿತು. ಗಂಡಸರು ಬೀಡಿ ಸೇದುವ ನೆವದಿಂದ ಮೆಲ್ಲಗೆ ಎದ್ದು ದೂರ ಸರಿದರು.

ಗದ್ದಲ ಇಳಿದ ಮೇಲೆ ಡಾಕ್ಟರಮ್ಮ ಅಂದರು, "ಯಾರ ಮನಿಯೊಳಗಾದ್ರೂ ಗಂಡುಮಕ್ಕಳಿಗೆ ಹಿಂಗ ನೆತ್ತರು ನಿಲ್ಲದ ಜಡ್ಡು ಇದ್ದರ, ಆಮ್ಯಾಲೆ ನನ್ನ ಹತ್ತಿರ ಒಬ್ಬರೇ ಬಂದು ಹೇಳ್ರಿ."

ಅವ್ವನಿಗೆ 'ಆಮ್ಯಾಲೆ' ಎಂಬುದಾಗಲಿ 'ಒಬ್ಬರೇ' ಎಂಬುದಾಗಲಿ ಕಿವಿಗೆ ಬೀಳಲಿಲ್ಲ. ಅಲ್ಲೇ ಎದ್ದು ನಿಂತಳು.

"ನನಗ ಎರಡು ಗಂಡು ಇದ್ದವು ಡಾಕ್ಟರವ್ವಾ. ಒಂದು ಕಿವಿ ಚುಚ್ಚಿದಾಗ ಹೋತು. ಇನ್ನೊಂದು ಒಂಬತ್ತ ವರ್ಸದ್ದು, ಕಾಲಿಗೆ ಸಲಿಕಿ ತಾಗಿ ಹೋತು. ನಾ ಏನ ಪಾಪ ಮಾಡೀನೋ, ಅದಕ್ಕ ದೇವರು ಕಸಗೊಂಡ ಅಂತ ಇಷ್ಟ ದಿನ ತಿಳಕೊಂಡಿದ್ದೆ. ಬಳಿ ಸೀಳಿದ್ದಕ್ಕ ಹೋದವು ಅಂತ ಇವತ್ತ ಗೊತ್ತಾತು. ನನ್ನ ಮಗಳಿಗೂ ಅದ ಬಳಿ ಹೋಗೇತಿ ನೋಡ್ರಿ. ಅಕಾ, ಆಕಿ ಮಗ ಅಲ್ಲಿ ಕುಂತಾನ."

ಎಲ್ಲರೂ ತಿರುಗಿ ಮಗನನ್ನು ನೋಡಿದರು. ಮಗ ನನ್ನನ್ನು ನೋಡಿದ. ನಾನು ಅತ್ತೆಯ ಬೆನ್ನು ನೋಡಿದೆ. ಆ ಬೆನ್ನು ಅಲುಗಲಿಲ್ಲ. ಅವ್ವ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು, ತಲೆ ಮೇಲಿನ ಹೊರೆ ಇಳಿಸಿದವಳಂತೆ ನಿಟ್ಟುಸಿರು ಬಿಟ್ಟು ಕೂತಳು.

ಅವ್ವ ಎದ್ದದ್ದರಿಂದ ಒಂದು ಒಳ್ಳೆಯದಾಯಿತು. ಊಟದ ಹೊತ್ತಿನಲ್ಲಿ ಇಬ್ಬರು ತಾಯಂದಿರು ಡಾಕ್ಟರಮ್ಮನ ಹತ್ತಿರ ಬಂದು ನಿಂತರು. ಒಬ್ಬಳು ಮಸ್ಕಿಯವಳೇ. ಇನ್ನೊಬ್ಬಳು ದಢೇಸುಗೂರಿಗೆ ಕೊಟ್ಟವಳು, ತವರಿಗೆ ಬಂದಿದ್ದಳು. ಇಬ್ಬರ ಕಂಕುಳಲ್ಲೂ ಗಂಡುಮಕ್ಕಳು, ಇಬ್ಬರ ಮಕ್ಕಳ ಮೈ ಮೇಲೂ ನನಗೆ ಗುರುತಿದ್ದ ಆ ನೀಲಿ ಕಲೆ. ದಢೇಸುಗೂರಿನವಳಿಗೆ ನಾನು ಪಾಯಿಜಾಮಕ್ಕೆ ಹತ್ತಿ ಇಟ್ಟು ಹೊಲಿಯುವುದನ್ನು ತೋರಿಸಿಕೊಟ್ಟೆ. ಚೀಲದಿಂದ ತೆಗೆದುಕೊಟ್ಟ ನನ್ನ ಮಗನ ಪಾಯಿಜಾಮವನ್ನು ಅವಳು ಒಳಗೂ ಹೊರಗೂ ತಿರುವಿ ನೋಡಿದಳು.

ಆ ರಾತ್ರಿ ನಾವು ಅವ್ವನ ಮನೆಯಲ್ಲಿ ಉಳಿದೆವು. ಅತ್ತೆ ನನ್ನ ಕಡೆ ಬೆನ್ನು ಮಾಡಿ ಮಲಗಿದರು. ಬೆಳಿಗ್ಗೆ ಎದ್ದು ನೋಡಿದರೆ, ಬೀಗತಿಯರಿಬ್ಬರೂ ಒಲೆಯ ಮುಂದೆ ಕೂತು ಒಬ್ಬಳು ರೊಟ್ಟಿ ಬಡಿಯುತ್ತಿದ್ದಾಳೆ, ಒಬ್ಬಳು ಬೇಯಿಸುತ್ತಿದ್ದಾಳೆ. ನನ್ನನ್ನು ಕಂಡು ಮಾತು ನಿಲ್ಲಿಸಿದರು.

ಮಸ್ಕಿಯಲ್ಲಿ ಸಿಂಧನೂರಿನ ಬಸ್ಸು ಹತ್ತಿದೆವು. ಮಕ್ಕಳು ಮುಂದಿನ ಸೀಟಿನಲ್ಲಿ ಕಿಟಕಿಗೆ ಅಂಟಿಕೊಂಡರು. ನಾನು, ಅತ್ತೆ ಹಿಂದೆ. ಬಸ್ಸು ಊರು ದಾಟಿದ ಮೇಲೆ ಅತ್ತೆ ಕೇಳಿದರು, "ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ."

"ಮದಿವಿಗಿಂತ ಮೊದಲ?"

"ಅಣ್ಣ ಹೋಗಿದ್ದು ಗೊತ್ತಿತ್ರಿ. ಇದು ಅದ ಜಡ್ಡು ಅನ್ನೂದು ಗೊತ್ತಿದ್ದಿಲ್ಲ. ಮಗಗ ನೀಲಿ ಕಲಿ ಆಗಾಕ ಹತ್ತಿದ ಮ್ಯಾಲ ಅಂಜಿಕಿ ಆತು. ಡಾಕ್ಟರಮ್ಮ ಕೇಳಿದಾಗ ನೀವು ಬಾಜೂಕ ಕುಂತಿದ್ರಿ. ಬಾಯಿ ಬರಲಿಲ್ರಿ."

ಬಸ್ಸು ಒಂದು ಕಡೆ ನಿಂತು, ಕುರಿಯವರನ್ನು ಹತ್ತಿಸಿಕೊಂಡು ಮತ್ತೆ ಹೊರಟಿತು. ನಾನು ಬೈಗುಳಕ್ಕೆ ತಯಾರಾಗಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದೆ.

"ನಮ್ಮಪ್ಪ ಇದ್ದ," ಅಂದರು ಅತ್ತೆ, ಕಿಟಕಿಯ ಆಚೆ ನೋಡುತ್ತಾ. "ಉಪ್ಪ ಕಮ್ಮಿ ಆದ್ರ ಗಡಿಗಿ ಒಡೀತಿದ್ದ. ನಮ್ಮವ್ವ ವರ್ಸಕ್ಕ ಎಷ್ಟ ಗಡಿಗಿ ತರತಿದ್ಲೋ. ಆ ಸಿಟ್ಟು ನನ್ನ ಮಗಗ ಬಂದೈತಿ, ನನ್ನ ಕೈಲೆ ಹಾದು. ನಿನ್ನ ನೋಡಾಕ ಬಂದಾಗ ನಾ ಏನರ ಹೇಳಿದ್ನ್ಯಾ? ಹುಡುಗ ಭಾಳ ಶಾಂತ ಅಂತ ಹೇಳಿದೆ."

ನಾನು ತಿರುಗಿ ನೋಡಿದೆ. ಅತ್ತೆಯ ತುಟಿಯ ತುದಿ ಕುಣಿಯುತ್ತಿತ್ತು.

"ಹನ್ನೆರಡ ವರ್ಸ ಅದನ್ನ ನೀ ತಡಕೊಂಡೀ. ಒಂದ ದಿನ ನನಗ 'ನಿಮ್ಮ ಮನಿತನದ್ದು' ಅಂದಿಲ್ಲ. ನಾ ನಿನಗ ಯಾವ ಬಾಯಲೆ ಅನ್ನಲಿ?"

ನನಗೆ ನಗು ಮೊದಲು ಬಂತು. ನಕ್ಕು ಮುಗಿಯುವಷ್ಟರಲ್ಲಿ ಅಳು ಬಂತು. ಅತ್ತೆ ತಮ್ಮ ಸೆರಗಿನಿಂದಲೇ ನನ್ನ ಮುಖ ಒರೆಸಿ, "ಸಾಕ ಬಿಡ, ಮಂದಿ ನೋಡತಾರ. ನಾ ಏನೋ ಹೊಡದೀನಿ ಅಂದಾರು," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಣ್ಣ ಹೆಂಗಿದ್ದ?" ಎಂದು ಕೇಳಿದರು.

ಹಾಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಅವನು ಜೋಳದ ದಂಟಿನಲ್ಲಿ ಬಂಡಿ ಮಾಡುತ್ತಿದ್ದ, ಗಾಲಿ ನಿಜಕ್ಕೂ ತಿರುಗುತ್ತಿದ್ದವು. ಸಾಲಿ ಮಾಸ್ತರರ ನಡಿಗೆ ಅಣಕಿಸಿ ತೋರಿಸುತ್ತಿದ್ದ. ನನಗೆ ಬರುವ ಪಾಲಿನ ಬೆಲ್ಲ ತಾನು ತಿಂದು, ತನ್ನ ಪಾಲಿನ ಕೊಬ್ಬರಿ ನನಗೆ ಕೊಡುತ್ತಿದ್ದ. ಒಂದೊಂದೇ ನೆನಪಾಗುತ್ತಾ ಹೋಯಿತು. ಸಿಂಧನೂರು ಬರುವವರೆಗೂ ಹೇಳಿದೆ. ಅತ್ತೆ ನಡುನಡುವೆ, "ಕೊಬ್ಬರಿ ಕೊಡತಿದ್ದನೇನು? ಶಾಣ್ಯಾ," ಎನ್ನುತ್ತಾ ಕೇಳಿದರು. ಮುಂದಿನ ಸೀಟಿನಿಂದ ಮಗನೂ ಕಿವಿಗೊಟ್ಟಿದ್ದ. ತನಗೊಬ್ಬ ಸೋದರಮಾವ ಇದ್ದ ಎಂಬುದು ಅವನಿಗೆ ತಿಳಿದದ್ದು ಅವತ್ತೇ.

ಸಂಜೆ ನಾನೇ ದವಾಖಾನೆಗೆ ಹೋಗಿ ಡಾಕ್ಟರಮ್ಮನಿಗೆ ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡೆ. ಅವರು, "ನನಗ ಆವತ್ತೇ ಸಂಶಯ ಬಂದಿತ್ತು. ಪಕ್ಕದಾಗ ಅತ್ತಿ ಕೂತಾಗ ಕೇಳಿದ್ದು ನನ್ನ ತಪ್ಪು," ಎಂದು ಹಳೇ ಕಾಗದ ತೆಗೆದು ತಿದ್ದಿ ಬರೆದುಕೊಂಡರು.

ಗಂಡನಿಗೆ ಅತ್ತೆಯೇ ಹೇಳಿದರು. ಅವರು ಸ್ವಲ್ಪ ಹೊತ್ತು ಅಂಗಳದಲ್ಲಿ ಅಡ್ಡಾಡಿ, ಒಳಗೆ ಬಂದು, "ರಾಯಚೂರಿಗೆ ಮುಂದಿನ ತಿಂಗಳು ನಾ ಮತ್ತ ಹೋಗಿ ಕೊಟ್ಟು ಬರ್ತೀನಿ," ಅಂದರು. ಹೋದ ತಿಂಗಳಷ್ಟೇ ಕೊಟ್ಟಿದ್ದೀರಿ, ಇಷ್ಟು ಬೇಗ ಮತ್ತೆ ಕೊಡಲು ಬರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದಾಗ ಅವರಿಗೆ ಸಿಟ್ಟೇ ಬಂತು.

ಸೋಸಲ್‌ಗಳು ಆಮೇಲೂ ಹಲವು ವರ್ಷ ನಡೆದವು. ಡಾಕ್ಟರಮ್ಮನಿಗೆ ವರ್ಗವಾಯಿತು, ಬೇರೆಯವರು ಬಂದರು. ಮಿಲ್ಲಿನಮ್ಮ ಬಿಡಲಿಲ್ಲ. ಅವರ ಕನ್ನಡ ಸುಧಾರಿಸಿತು, ನನ್ನ ತೆಲುಗೂ. ಭಾಷಣ ಮಾಡಲು ನನಗೆ ಕೊನೆಯವರೆಗೂ ಬರಲಿಲ್ಲ, ಆದರೆ ಹೊಸ ತಾಯಂದಿರು ಬಂದರೆ ಅವರ ಪಕ್ಕ ಕೂತು ಮಾತಾಡುವುದು ನನ್ನ ಕೆಲಸವಾಯಿತು. ಮೊದಲ ಮಾತಿಗೇ ನನ್ನ ಅಣ್ಣನ ವಿಷಯ ಹೇಳುತ್ತಿದ್ದೆ. ಅದು ಹೇಳಿದ ಮೇಲೆ ಅವರೂ ಬಾಯಿ ಬಿಡುತ್ತಿದ್ದರು.

ಮಗ ದೊಡ್ಡವನಾದ. ಒಂದು ಮೊಣಕಾಲು ಪೂರ್ತಿ ಮಡಚುವುದಿಲ್ಲ. ಹೊಲದ ಕೆಲಸ ಆಗುವುದಿಲ್ಲ, ಸೈಕಲ್ಲು ತುಳಿಯುವುದಿಲ್ಲ. ಮೈಕಿನವರ ಸಂಗಡ ಓಡಾಡಿ ರೇಡಿಯೋ ರಿಪೇರಿ ಕಲಿತ. ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ಅಂಗಡಿ ಹಾಕಿದ. ಊತ ಬಂದ ದಿನ ಬಾಗಿಲು ತೆಗೆಯುವುದಿಲ್ಲ, ಗಿರಾಕಿಗಳಿಗೆ ಅದು ಗೊತ್ತು, ಮರುದಿನ ಬರುತ್ತಾರೆ. ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ನಾನು ಹೋದರೆ, ಬಿಚ್ಚಿಟ್ಟ ರೇಡಿಯೋದ ಹೊಟ್ಟೆಯಿಂದ ತಲೆ ಎತ್ತದೆಯೇ, "ಅಲ್ಲೇ ಇಡಬೇ, ತಂತಿ ತುಳೀಬ್ಯಾಡ," ಎನ್ನುತ್ತಾನೆ. ನಾನು ಸ್ಟೂಲಿನ ಮೇಲೆ ಕೂತು, ಅವನು ಕೈ ತೊಳೆದು ಬರುವವರೆಗೆ ರಸ್ತೆಯ ಬಸ್ಸು, ಟ್ರ್ಯಾಕ್ಟರು ನೋಡುತ್ತೇನೆ.